ಜಾಗ ಬಿಡಿಸಿದವರು

“ನನ್ನ ಪುಸ್ತಕಗಳನ್ನೇ ಅಳಿಸಿಬಿಡಿ ಸಾರ್. ಬೇರೆಯವರದ್ದು ಯಾಕೆ ಮುಟ್ಟಬೇಕು?” ಅಂದರು ಅಕ್ಕ, ಕೊಡೆಯನ್ನು ಮೂಲೆಗಿಡುತ್ತ.

ಅಕ್ಕ ನಿವೃತ್ತ ನರ್ಸು. ಕಣ್ಣು ಕಾಣದವರಿಗಾಗಿ ಇರುವ ಈ ಧ್ವನಿ ಗ್ರಂಥಾಲಯಕ್ಕೆ ಆರು ವರ್ಷದಿಂದ ಪುಕ್ಕಟೆ ಬಂದು, ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಇನ್ನೂರ ಹನ್ನೆರಡು ಪುಸ್ತಕ ಓದಿ ಧ್ವನಿಮುದ್ರಿಸಿದ್ದರು. ನಡುವೆ ಒಂದು ಕೆಮ್ಮು ಬಂದರೂ ಆ ಪುಟವನ್ನೇ ಹೊಸದಾಗಿ ಓದುವ ಹಟಮಾರಿ.

ಗ್ರಂಥಾಲಯದ ಕಾರ್ಯದರ್ಶಿಗೂ ಅಳಿಸುವ ಮನಸ್ಸಿರಲಿಲ್ಲ. ಆದರೆ ಕಂಪ್ಯೂಟರ್ ನಡೆಸುವ ಲಿನಕ್ಸಿನ ಹೊಸ ಆವೃತ್ತಿ ಹಾಕಲು ಇನ್ನೂ ನಾಲ್ಕೂವರೆ ಜಿಬಿ ಜಾಗ ಬೇಕು ಎಂದು ಅದು ಮೊಂಡು ಹಿಡಿದಿತ್ತು. ಹಳೆಯ ಆವೃತ್ತಿಗೆ ಈ ತಿಂಗಳಿಂದ ರಿಪೇರಿ ನಿಲ್ಲುತ್ತದೆ. ಹೊಸ ಡಿಸ್ಕು ಬೇಕೆಂದು ಬರೆದ ಮೂರು ಕಾಗದಕ್ಕೂ ಉತ್ತರವಿಲ್ಲ.

“ನಾನೊಂದ್ಸಲ ನೋಡ್ಲಾ ಸಾರ್?” ಅಂದ ಟೆಲಿಫೋನ್ ಆಪರೇಟರ್. ಹುಟ್ಟಿನಿಂದ ಕಣ್ಣಿಲ್ಲದವನು ಅವನು.

“ಇದು ಫೋನ್ ಎತ್ತೋ ಕೆಲಸ ಅಲ್ಲ ಕಣ್ರೀ.”

“ಗೊತ್ತು ಸಾರ್. ಆದ್ರೆ ಹೋಗೋದು ಅಕ್ಕನ ಓದು. ಅದನ್ನ ಕೇಳ್ಕೊಂಡೇ ಪುಸ್ತಕ ಓದೋರು ನಾವು.”

ಕಾರ್ಯದರ್ಶಿ ಕುರ್ಚಿ ಬಿಟ್ಟುಕೊಟ್ಟರು.

ಕಂಪ್ಯೂಟರ್ ತೆರೆಯ ಮೇಲಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಅದರ ವೇಗಕ್ಕೆ ಉಳಿದಿಬ್ಬರಿಗೆ ಒಂದಕ್ಷರವೂ ತಿಳಿಯಲಿಲ್ಲ. ಆಪರೇಟರ್ ಮಾತ್ರ ತಲೆ ತುಸು ವಾಲಿಸಿ, ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ಒಂದೊಂದಾಗಿ ಕೇಳುತ್ತ ಹೋದ. ಅರ್ಧ ಗಂಟೆಯಾದ ಮೇಲೆ ಅವನ ಬೆರಳು ನಿಂತಿತು.

“ಹದಿನಾಲ್ಕು ಜಿಬಿ ಸಾರ್, ಒಂದೇ ಕಡತ. ಕಂಪ್ಯೂಟರ್ ಬರ್ಕೊಳ್ಳೋ ದಿನಚರಿ.” ಅದನ್ನು ತೆರೆದು ಓದುವ ವೇಗ ಇಳಿಸಿದ. ಈಗ ಎಲ್ಲರಿಗೂ ಕೇಳಿಸಿತು. ಪ್ರಿಂಟರ್ ಸಿಗುತ್ತಿಲ್ಲ. ಪ್ರಿಂಟರ್ ಸಿಗುತ್ತಿಲ್ಲ. ಪ್ರಿಂಟರ್ ಸಿಗುತ್ತಿಲ್ಲ.

ಕೆಟ್ಟ ಪ್ರಿಂಟರನ್ನು ಎರಡು ವರ್ಷದ ಹಿಂದೆಯೇ ಗುಜರಿಗೆ ಹಾಕಿದ್ದರು. ಕಂಪ್ಯೂಟರಿಗೆ ಯಾರೂ ಹೇಳಿರಲಿಲ್ಲ. ಅದು ಕ್ಷಣಕ್ಕೆರಡು ಸಲ ಹುಡುಕಿ, ಪ್ರತಿ ಸಲವೂ ದೂರು ಬರೆದಿಟ್ಟಿತ್ತು.

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನಮ್ಮ ಕತೆ,” ಎಂದು ಅಕ್ಕ ನಕ್ಕರು. “ಅಳಿಸಪ್ಪ ಮೊದ್ಲು.”

“ತಡೀರಿ ಅಕ್ಕ. ನಲ್ಲಿ ನಿಲ್ಲಿಸ್ದೆ ನೆಲ ಒರೆಸಿದ್ರೆ ಏನು ಬಂತು?” ಅವನು ಮೊದಲು ಪ್ರಿಂಟರಿನ ಹೆಸರನ್ನು ತೆಗೆದುಹಾಕಿದ. ಹೊಸ ದೂರು ಬರುತ್ತಿಲ್ಲವೆಂದು ಖಚಿತವಾದ ಮೇಲೆ ದಿನಚರಿ ಖಾಲಿ ಮಾಡಿದ. ಹೊಸ ಆವೃತ್ತಿ ಈ ಸಲ ತಕರಾರಿಲ್ಲದೆ ಇಳಿಯತೊಡಗಿತು. ಇನ್ನೂರ ಹನ್ನೆರಡು ಪುಸ್ತಕವೂ ಇದ್ದಲ್ಲೇ ಇದ್ದವು. ಅಕ್ಕ ಅವನ ಬೆನ್ನ ಮೇಲೆ ಕೈಯಿಟ್ಟರು.

ಕಾರ್ಯದರ್ಶಿ ಖುಷಿಯಿಂದ ರಿಜಿಸ್ಟರ್ ತೆಗೆದು, ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಬರೆದರು. “ಅನಗತ್ಯ ಕಡತ ತೆಗೆದು ಜಾಗ ಬಿಡಿಸಲಾಯಿತು.”

“ಬಿಡಿಸಲಾಯಿತು ಅಂದ್ರೆ ಯಾರು ಸಾರ್?” ಎಂದು ಕೇಳಿದ ಆಪರೇಟರ್.

“ಆಫೀಸ್ ಭಾಷೆ ಕಣ್ರೀ. ಎಲ್ಲಾನೂ ಹಾಗೇ ಬರೆಯೋದು.”

“ಇದೊಂದು ಹಾಗೆ ಬೇಡ ಸಾರ್. ಬಿಡಿಸಿದ್ದು ನಾನು.”

ದನಿಯೇನೂ ಏರಿರಲಿಲ್ಲ. ಕಾರ್ಯದರ್ಶಿ ಬರೆದದ್ದನ್ನು ಹೊಡೆದುಹಾಕಿ, ಕೆಳಗೆ ಹೊಸದಾಗಿ ಬರೆದು, ರಿಜಿಸ್ಟರನ್ನು ಅಕ್ಕನ ಕಡೆ ಸರಿಸಿದರು.

“ಏನಂತ ಬರೆದಿದ್ದಾರೆ ಅಕ್ಕ?”

ಅಕ್ಕ ಕನ್ನಡಕ ಹಾಕಿಕೊಂಡು, ಮೈಕಿನ ಮುಂದೆ ಮಾತ್ರ ತೆಗೆಯುವ ದನಿಯಲ್ಲಿ ಓದಿದರು. “ಟೆಲಿಫೋನ್ ಆಪರೇಟರ್ ಜಾಗ ಬಿಡಿಸಿದರು. ಒಂದು ಪುಸ್ತಕವೂ ಹೋಗಲಿಲ್ಲ.”

ಆಪರೇಟರ್ ಕೈ ಚಾಚಿ ಕಂಪ್ಯೂಟರಿನ ಸದ್ದನ್ನು ಪೂರ್ತಿ ಇಳಿಸಿದ.

“ಇನ್ನೊಂದ್ಸಲ ಓದಿ ಅಕ್ಕ,” ಅಂದ.