ಮದ್ದಿಲ್ಲದ ತೋಟೆ

"ಇದರೊಳಗಿನ ಮದ್ದು ಎಲ್ಲಿ ಹೋಯ್ತು?"

ನೆಲಮಾಳಿಗೆಯಲ್ಲಿ ವರ್ಲಾಳ ಹೊರತು ಯಾರೂ ಇರಲಿಲ್ಲ. ಚಾಕುವಿನಲ್ಲಿ ಸೀಳಿದ, ಕೋವಿಯ ಕೆಂಪು ತೋಟೆಯನ್ನು ಅಂಗೈ ಮೇಲೆ ಬೋರಲು ಹಾಕಿದ್ದಳು. ಸೀಸದ ಕಾಳು ಉದುರಿತು, ಪ್ಲಾಸ್ಟಿಕ್ ಬಿರಡೆ ಬಿತ್ತು. ಅದರ ಹಿಂದೆ ಬರಬೇಕಿದ್ದ ಮದ್ದು ಒಂದು ಚಿಟಿಕೆಯೂ ಬರಲಿಲ್ಲ. ಮೇಜಿನ ಮೇಲೆ ಅಂಥವೇ ಇನ್ನೆರಡು ಆಗಲೇ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ಬೆಳಿಗ್ಗೆ ಕ್ಲಬ್ಬಿನ ಮೈದಾನದಲ್ಲಿ ಮಗಳು ಟೆಸ್ಸಾಳ ಕೋವಿ 'ಢಂ' ಎನ್ನುವ ಬದಲು 'ಫುಸ್' ಎಂದಿತ್ತು. ಗುರಿಗೆಂದು ಹಾರಿಸಿದ ಮಣ್ಣಿನ ಬಿಲ್ಲೆ ಒಡೆಯದೆ ಗೋಧಿ ಹೊಲಕ್ಕೆ ಹೋಗಿ ಬಿತ್ತು. ಸಾಲಿನಲ್ಲಿದ್ದ ಹುಡುಗರು ನಕ್ಕರು. ಟೆಸ್ಸಾ ನಗಲಿಲ್ಲ. ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, ಕೋವಿ ಮಡಚಿ, ತೋಟೆ ತೆಗೆದು ನಳಿಗೆಯೊಳಗೆ ಇಣುಕಿದಳು. ಆಚೆಯ ಬೆಳಕು ಕಾಣಲಿಲ್ಲ. ಹೊರಗೆ ತಳ್ಳುವ ಮದ್ದಿಲ್ಲದೆ ಬಿರಡೆ ನಡುವೆ ಸಿಕ್ಕಿಕೊಂಡಿತ್ತು. ಅದರ ಹಿಂದೆಯೇ ಇನ್ನೊಂದು ಈಡು ಹಾರಿಸಿದ್ದರೆ ನಳಿಗೆ ಸಿಡಿದು, ಅದನ್ನು ಹಿಡಿದಿದ್ದ ಎಡಗೈ... ವರ್ಲಾ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದಳು. ಸಿಟ್ಟು ನಿಲ್ಲಲಿಲ್ಲ.

ಆ ತೋಟೆಗಳನ್ನು ತುಂಬಿದವನು ಅವಳ ತಮ್ಮ ಡ್ವೇನ್, ಕ್ಲಬ್ಬಿನ ಮಕ್ಕಳಿಗೆ ಗುರಿ ಕಲಿಸುವವನು. ಮಕ್ಕಳ ತೋಟೆ ತುಂಬಲು ಯಾವ ಪ್ರೆಸ್ ಯಂತ್ರ ಕೊಳ್ಳಬೇಕೆಂದು ನಾಳೆ ಚರ್ಚ್ ಮುಗಿದ ಮೇಲೆ ಕ್ಲಬ್ಬಿನ ಸಭೆಯಿತ್ತು. ಒಂದು ತೋಟೆ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಕೈ ಹಾಕುವ ಹಳೇ ನಮೂನೆಯದೇ ಬೇಕೆಂದು ವರ್ಲಾಳ ಹಟ. ಚಿಕ್ಕಂದಿನಲ್ಲಿ ಅಪ್ಪ ಅಕ್ಕ ತಮ್ಮ ಇಬ್ಬರನ್ನೂ ಅಂಥದ್ದರ ಮುಂದೆ ಕೂರಿಸಿ, ಹಿಡಿ ಎಳೆದಾಗಲೆಲ್ಲ "ಕೇಪು, ಮದ್ದು, ಬಿರಡೆ, ಕಾಳು, ಬಾಯಿ ಮಡಿಕೆ" ಎಂದು ಊಟದ ಮುಂಚಿನ ಪ್ರಾರ್ಥನೆಯಂತೆ ರಾಗವಾಗಿ ಹೇಳಿಸುತ್ತಿದ್ದ. ಡ್ವೇನ್‌ಗೆ ಬೇಕಿದ್ದುದು ಹಲವು ತೋಟೆಗಳನ್ನು ಒಟ್ಟಿಗೇ ಸುತ್ತಿಸುತ್ತ ತಿರುಗುವ ಪ್ರೆಸ್, ಒಂದು ಎಳೆತಕ್ಕೆ ಒಂದು ಸಿದ್ಧ ತೋಟೆ. ಅದರ ವೇಗ ತೋರಿಸಲೆಂದೇ ಅಂಥದ್ದರಲ್ಲಿ ಟೆಸ್ಸಾಗೆ ಈ ಒಂದು ಚೀಲ ತೋಟೆ ತುಂಬಿಕೊಟ್ಟಿದ್ದ.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು.

"ಅಕ್ಕಾ, ಟೆಸ್ಸಾ ಹೇಗಿದಾಳೆ?" ಡ್ವೇನ್ ಕೊನೆಯ ಮೆಟ್ಟಿಲಲ್ಲೇ ನಿಂತ.

"ಎರಡು ಕೈನೂ ಇದೆ. ಎಣಿಸ್ಕೋಬೇಕಾ?" ಸೀಳಿದ ತೋಟೆಗಳನ್ನು ಅವನತ್ತ ತಳ್ಳಿದಳು. "ಇವನ್ನ ತುಂಬುವಾಗ ಏನ್ ಮಾಡ್ತಿದ್ದೆ?"

"ತುಂಬ್ತಿದ್ದೆ."

"ಲೋ, ನನ್ನ ಮುಖ ನೋಡಿ ಹೇಳು."

ಅವನು ಟೋಪಿ ತೆಗೆದ. "ಟೀವೀಲಿ ಹಾಕಿ ಮ್ಯಾಚ್ ಹಾಕ್ಕೊಂಡಿದ್ದೆ. ಸಮ ಸಮ ಆಗಿ ಆಟ ಮುಂದುವರೀತು. ಮದ್ದಿನ ಸೀಸೆ ಖಾಲಿಯಾಗಿದ್ದು ಗೊತ್ತೇ ಆಗ್ಲಿಲ್ಲ, ಕೈ ಎಳೀತಾನೇ ಇತ್ತು."

"ಗೆದ್ರಾ?"

"ಏನು?"

"ನಿನ್ನ ಹಾಕಿಯವರು. ನನ್ನ ಮಗಳ ಕೈ ಪಣಕ್ಕಿಟ್ಟು ನೋಡಿದ್ಯಲ್ಲ, ಗೆದ್ರಾ ಅಂತ ಕೇಳಿದೆ."

ಡ್ವೇನ್ ಟೋಪಿಯ ಅಂಚನ್ನು ಹಿಸುಕಿದ. "ನಾಳೆ ಸಭೇಲಿ ಪ್ರೆಸ್ಸಿಂದೇ ತಪ್ಪು ಅಂದ್ಬಿಡೋಣ ಅಕ್ಕಾ. ನೀನು ಹೇಳಿದ್ದನ್ನೇ ಕೊಂಡ್ಕೊಳ್ಲಿ, ನಾನೇ ಮೊದ್ಲು ಕೈ ಎತ್ತೀನಿ. ನಿನಗೆ ಬೇಕಾಗಿದ್ದೂ ಅದೇ ತಾನೆ?"

"ಅದಕ್ಕೆ ಬಾಯಿಲ್ಲ ಅಂತ ಅದರ ತಲೆಗೆ ಕಟ್ತೀಯಾ? ನಮ್ಮ ಕ್ಲಬ್ಬಿನ ಟೋರ್ವಾಲ್ಡ್ ಅಜ್ಜ ಅಂಥ ತಿರುಗೋ ಪ್ರೆಸ್ಸಲ್ಲೇ ತುಂಬ್ತಾರೆ. ರೇಡಿಯೋನೂ ಹಚ್ಚಲ್ಲ, ಯಾರಾದ್ರೂ ಮಾತಾಡ್ಸಿದ್ರೆ ಹಿಡಿ ಬಿಟ್ಟು ಕೂತ್ಕೋತಾರೆ. ಅವರದೊಂದು ತೋಟೆ ಫುಸ್ ಅಂದಿದ್ದು ಕೇಳಿದೀಯಾ?"

"ನಿಜ ಹೇಳಿದ್ರೆ ಮಕ್ಕಳನ್ನ ನನ್ನ ಕೈಗೆ ಕೊಡಲ್ಲ ಕ್ಲಬ್ಬಿನವರು."

"ಕೊಡಬಾರ್ದು."

"ಫುಸ್ ಅಂದ್ರೆ ನಿಲ್ಲು, ನಳಿಗೆ ನೋಡು ಅಂತ ಟೆಸ್ಸಾಗೆ ಕಲಿಸಿದ್ದು ಯಾರು? ನಾನು!" ಡ್ವೇನನ ದನಿ ಒಡೆಯಿತು.

ಅದು ಸುಳ್ಳಲ್ಲ. ಸುಳ್ಳಲ್ಲವೆಂಬುದೇ ಅವಳ ಸಿಟ್ಟನ್ನು ಇನ್ನಷ್ಟು ಕುದಿಸಿತು.

"ನೀನೇ. ಅದನ್ನೂ ಹೇಳ್ತೀನಿ ನಾಳೆ."

"ಅಕ್ಕಾ, ಬೇಡ್ಕೋತೀನಿ. ಆ ಮಕ್ಕಳು ಬಿಟ್ರೆ ನನಗೆ ಇನ್ನೇನಿದೆ ಹೇಳು. ಪ್ರೆಸ್ಸಿನ ತಪ್ಪು, ಅಷ್ಟೇ ಅನ್ನು. ಒಂದೇ ಮಾತು."

"ಅನ್ನಲ್ಲ," ಎಂದಳು ವರ್ಲಾ.