ದ್ಯಾಮವ್ವನ ಹುಂಜ, ಜುಬೇದಾಬೀಯ ಹೇಂಟೆ

ಕೋಳಿಗೆ ಬರುವ ಕೊಕ್ಕರೆ ರೋಗದ ಲಸಿಕೆ ಹಾಕಲು ತಳಕಲ್ ಊರಿಗೆ ಬಂದ ದನದ ಡಾಕ್ಟರು ಪ್ರಭುರಾಜ, ಜುಬೇದಾಬೀಯ ಹೇಂಟೆಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ನೋಡಿದರು. ಒಂದು ಸಲ ಅಲ್ಲ, ಮೂರು ಸಲ. ಮೊದಲು ರೆಕ್ಕೆ, ಆಮೇಲೆ ಕತ್ತು, ಕೊನೆಗೆ ಜುಟ್ಟು. ಪ್ರತಿ ಸಲವೂ ಹತ್ತಿಯನ್ನು ಬಿಸಿಲಿಗೆ ಹಿಡಿದು ನೋಡಿದರು. ಹತ್ತಿಗೆ ಹತ್ತಿದ್ದು ಎರೆಮಣ್ಣಿನ ಧೂಳು ಮಾತ್ರ.

"ಏನ್ ಹುಡುಕಾಕತ್ತೀರಿ ಡಾಕ್ಟರ?" ಜುಬೇದಾಬೀ ಕೇಳಿದಳು.

"ತಪ್ಪ ತಿಳೀಬ್ಯಾಡ್ರಿ ಅಮ್ಮಾ. ಬಸ್‌ಸ್ಟ್ಯಾಂಡಿನ್ಯಾಗ ಗುಲಾಬಿ, ಹಸರ ಬಣ್ಣ ಹಚ್ಚಿದ ಮರಿ ಮಾರ್ತಾರಲ್ರಿ, ಇದೂ ಹಂಗೇನರ ಅಂತ..."

"ನಮ್ಮ ಮನಿಯವರು ದರ್ಜಿ ಅದಾರ್ರಿ. ಬಣ್ಣ ಹಚ್ಚಾವ್ರಲ್ಲ."

ಒಳಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡ ಮಕ್ಬುಲಸಾಬ ನಕ್ಕದ್ದು ಹೊರಗೆ ಕೇಳಿಸಿತು.

ಡಾಕ್ಟರ ಅನುಮಾನ ಸುಮ್ಮನೆ ಬಂದದ್ದಲ್ಲ. ಜುಟ್ಟಿನ ಕೋಳಿ ಯಲಬುರ್ಗಾ ಸೀಮೆಗೆ ಹೊಸದಲ್ಲ. ಕೆಂಪು, ಕರಿ, ಚುಕ್ಕಿ, ಎಲ್ಲ ಉಂಟು. ಆದರೆ ಈ ಹೇಂಟೆಯ ಬಣ್ಣ ಆರಿದ ಕುಳ್ಳಿನ ಬೂದಿಯದು. ತಲೆಯಿಂದ ಬಾಲದವರೆಗೆ ಒಂದೇ ಸಮ, ಎಲ್ಲೂ ಕೆಂಪಿನ ಎಳೆ ಇಲ್ಲ, ಕರಿಯ ಕಲೆ ಇಲ್ಲ. ತಲೆಯ ಮೇಲಿನ ಜುಟ್ಟು ಒಡೆದ ಹತ್ತಿಕಾಯಿಯಂತೆ ದುಂಡಗೆ ಅರಳಿತ್ತು. ಆ ಜುಟ್ಟು ಕಣ್ಣಿಗೆ ಇಳಿದು ಹೇಂಟೆಗೆ ಮುಂದಿನದು ಕಾಣುತ್ತಿರಲಿಲ್ಲ. ಅದಕ್ಕೇ ಜುಬೇದಾಬೀ ದಿನಾ ಬೆಳಿಗ್ಗೆ ಅದರ ಜುಟ್ಟನ್ನು ದಾರದಿಂದ ಮೇಲಕ್ಕೆ ಕಟ್ಟಿ ಬಿಡುತ್ತಿದ್ದಳು.

"ಇಂಥಾವು ಎಷ್ಟು ಅದಾವ್ರಿ?" ಡಾಕ್ಟರು ಕೇಳಿದರು.

"ಇದ ಒಂದ."

"ಇದರ ಮರಿ?"

"ಮೂರು ವರ್ಷದಾಗ ಹದಿನಾಲ್ಕು. ಎಲ್ಲಾ ಕರಿ."

ಪ್ರಭುರಾಜ ಸಿರಿಂಜನ್ನು ಪೆಟ್ಟಿಗೆಗೆ ಹಾಕಿದರು. "ಹಂಗಂದ್ರ ಇದೊಂದು ಅಪರೂಪಕ್ಕ ಹುಟ್ಟಿದ್ದು ಅಷ್ಟ. ತಾಯಿ ಹಂಗ ಮರಿ ಬಂದ್ರ ಅದು ತಳಿ ಅಮ್ಮಾ. ನಾಲ್ಕು ವರ್ಷದ ಹ್ಯಾಂಟಿ, ಇನ್ನೆಷ್ಟು ದಿನ ತತ್ತಿ ಇಟ್ಟೀತು? ಇದರ ಸಂಗಡನ ಈ ಬಣ್ಣಾನೂ ಹೋತು ಅನ್ನಿ."

ಮೋಟರ್ ಸೈಕಲ್ ಓಣಿ ದಾಟಿ ಹೋದರೂ ಆ ಮಾತು ಹೋಗಲಿಲ್ಲ. ಕೋಳಿ ಸತ್ತೀತು ಎಂದಿದ್ದರೆ ಜುಬೇದಾಬೀ ಸುಮ್ಮನಾಗುತ್ತಿದ್ದಳು. ಸಾಯದ ಕೋಳಿ ಯಾವುದು? ತನ್ನ ಅಂಗಳದಲ್ಲಿ ಹುಟ್ಟಿದ ಬಣ್ಣ ತನ್ನ ಕಣ್ಣೆದುರೇ ಮುಗಿಯುತ್ತದೆ ಅಂದದ್ದು ಅವಳಿಗೆ ತಡೆಯಲಾಗಲಿಲ್ಲ.

ಅಂದು ಮಧ್ಯಾಹ್ನ ಅವಳು ಬಿಸ್ಕೀಟಿನ ಹಳೇ ಡಬ್ಬಿಯನ್ನು ತಂದು ಕಟ್ಟೆಯ ಮೇಲೆ ಸುರುವಿದಳು. ಒಳಗಿದ್ದದ್ದು ದಾರದ ತುಂಡುಗಳು. ಅವಳಿಗೆ ಓದು ಬರಹ ಬರುವುದಿಲ್ಲ. ಆದರೆ ಗಂಡನ ಅಂಗಡಿಯಲ್ಲಿ ಬಣ್ಣ ಬಣ್ಣದ ದಾರಕ್ಕೆ ಕೊರತೆ ಇಲ್ಲ. ಒಂದೊಂದು ಹೇಂಟೆಯ ಮರಿಗಳ ಕಾಲಿಗೆ ಒಂದೊಂದು ಬಣ್ಣ ಕಟ್ಟುವುದು ಅವಳ ರೂಢಿ. ಕೋಳಿ ಸತ್ತರೆ, ಹದ್ದಿಗೇ ಹೋಗಲಿ, ಕೊಟ್ಟವರ ಮನೆಯಲ್ಲೇ ಕೊಯ್ಯಲಿ, ಸಿಕ್ಕರೆ ದಾರ ಬಿಚ್ಚಿ ಡಬ್ಬಿಗೆ. ಇಪ್ಪತ್ತು ವರ್ಷದ ಕೋಳಿ ವಂಶ ಆ ಡಬ್ಬಿಯಲ್ಲಿತ್ತು. ಯಾವ ದಾರ ಯಾವ ಕೋಳಿಯದು ಎಂದು ಕೇಳಿದರೆ ಅವಳು ತಡವರಿಸುತ್ತಿರಲಿಲ್ಲ.

ಬೂದಿ ಹೇಂಟೆಯ ಮರಿಗಳದು ಕೆಂಪು ದಾರ. ಎಣಿಸಿದಳು. ಹದಿಮೂರು ಇದ್ದವು. ಕರಿ ಜುಟ್ಟಿನ ಕೋಳಿಗೆ ಈ ಸೀಮೆಯಲ್ಲಿ ಯಾವಾಗಲೂ ಗಿರಾಕಿ. ಹರಕೆಗೆ, ದೃಷ್ಟಿ ತೆಗೆಯಲಿಕ್ಕೆ. ಬೂದಿ ಬಣ್ಣ ಬರಲಿಲ್ಲವಲ್ಲ ಎಂದು ಅವಳು ಒಂದೊಂದಾಗಿ ಕೊಟ್ಟುಬಿಟ್ಟಿದ್ದಳು. ಪ್ರತಿ ಸಲ ಬೇರೆ ಬೇರೆ ಹುಂಜವನ್ನು ಬಿಟ್ಟು ನೋಡಿದ್ದಳು. ಪ್ರತಿ ಸಲ ಕರಿ.

ಆಮೇಲೆ ಎರಡು ಹಸಿರು ದಾರ ಕೈಗೆ ಬಂದವು. ಅವು ಬೂದಿ ಹೇಂಟೆಯ ತಾಯಿಯದು, ತಂದೆಯದು. ಜುಬೇದಾಬೀ ಎರಡನ್ನೂ ಅಂಗೈಯಲ್ಲಿ ಜೋಡಿಸಿ ಇಟ್ಟು ನೋಡಿದಳು. ಎರಡೂ ಹಸಿರು. ಎಂದರೆ ಒಂದೇ ತಾಯಿಯ ಮರಿಗಳು, ಅಣ್ಣ ತಂಗಿ. ಎರಡೂ ಕಡುಗಪ್ಪು.

"ಏನ್ರಿ, ಇಲ್ಲಿ ಬರ್ರಿ," ಎಂದು ಗಂಡನನ್ನು ಕರೆದಳು. "ಕರಿ ತಂದಿ, ಕರಿ ತಾಯಿ. ಬೂದಿ ಎಲ್ಲಿಂದ ಬಂತು?"

ಮಕ್ಬುಲಸಾಬ ಕನ್ನಡಕ ಹಣೆಗೇರಿಸಿದ. "ಒಲಿಯಿಂದ."

"ಚಾಷ್ಟಿ ಬ್ಯಾಡ್ರಿ. ಬಣ್ಣ ಕರಿಯೊಳಗ ಅಡಗಿ ಕುಂತಿತ್ತು. ಅತ್ಲಾಗಿಂದ ಅರ್ಧ, ಇತ್ಲಾಗಿಂದ ಅರ್ಧ ಕೂಡಿದಾಗ ಹೊರಗ ಬಂತು. ನಾ ಇದಕ್ಕ ಪರರ ಹುಂಜ ಕೂಡಿಸಿದೆ. ಪರರ ಹತ್ರ ಆ ಅರ್ಧ ಎಲ್ಲಿ ಇರತೈತಿ? ಅದು ಇರೋದು ಇದರ ಮಕ್ಕಳ ಹತ್ರ. ಆ ಕರಿ ಮಕ್ಕಳನ್ನ ನಾ..." ಅವಳು ಕೆಂಪು ದಾರದ ಗುಡ್ಡೆಯನ್ನು ನೋಡಿದಳು. "ನಾನ ಕೈಯಾರೆ ಹಂಚಿಬಿಟ್ಟೆ."

ಮಕ್ಬುಲಸಾಬನೂ ಎಣಿಸಿದ. ಬಟ್ಟೆಯ ಅಳತೆಯಲ್ಲಿ ಕಾಲು ಇಂಚು ತಪ್ಪದ ಮನುಷ್ಯ. "ಹದಿಮೂರು ಐತಿ. ನೀ ಹದಿನಾಲ್ಕು ಅಂದಿ."

"ಹದಿನಾಲ್ಕನೇದು ಜೀವಂತ ಐತಿ," ಎಂದಳು ಜುಬೇದಾಬೀ. "ಆದ್ರ ನಮ್ಮದಲ್ಲ."

ಹದಿನಾಲ್ಕನೆಯದು ದ್ಯಾಮವ್ವನ ಹುಂಜ. ಪಕ್ಕದ ಮನೆಯ ಕಳಕಪ್ಪ ಮತ್ತು ಪಂಪಾವತಿಯರ ಮಗಳು ಭವಾನಿಯ ಹೆರಿಗೆ ಕಠಿಣವಾದಾಗ ಪಂಪಾವತಿ ಊರದೇವತೆ ದ್ಯಾಮವ್ವನಿಗೆ ಕರಿ ಹುಂಜ ಬೇಡಿಕೊಂಡಿದ್ದಳು. ತಾಯಿ, ಕೂಸು ಸುಖವಾಗಿ ಮನೆಗೆ ಬಂದ ಮೇಲೆ ಹುಂಜವನ್ನು ಕೊಟ್ಟವಳು ಜುಬೇದಾಬೀಯೇ. ತಲೆಗೆ ಅರಿಸಿನದ ನೀರು ಹಾಕಿ ದೇವರ ಹೆಸರಿನಲ್ಲಿ ಬಿಟ್ಟಾಗಿತ್ತು. ಹಾಗೆ ಬಿಟ್ಟ ಹುಂಜವನ್ನು ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ, ಹಿಡಿಯುವಂತಿಲ್ಲ. ಎಲ್ಲಿ ಬೇಕಾದರೂ ಮೇಯುತ್ತದೆ. ಎಳ್ಳ ಅಮವಾಸ್ಯೆ ಕಳೆದ ಮೊದಲ ಮಂಗಳವಾರ ಅದು ದ್ಯಾಮವ್ವನಿಗೆ ಸಲ್ಲಬೇಕು.

ದೀಪಾವಳಿ ಅದೇ ತಾನೇ ಮುಗಿದಿತ್ತು. ಎಳ್ಳ ಅಮವಾಸ್ಯೆಗೆ ಎರಡು ತಿಂಗಳೂ ಪೂರ್ತಿ ಇರಲಿಲ್ಲ.

"ಹುಂಜ ವಾಪಸ್ ಕೇಳು," ಎಂದ ಮಕ್ಬುಲಸಾಬ. "ಬದಲಿ ಇನ್ನೊಂದು ಕರೀದು ಕೊಡೋಣ."

"ಕೊಟ್ಟ ಮಾತು ಕೊಟ್ಟಂಗ. ದೇವರ ಹೆಸರಿನ ಮಾಲು ಅದು. ಯಾರ ದೇವರಾದ್ರೇನು?"

ಜುಬೇದಾಬೀ ಆ ದಿನವೇ ಬೂದಿ ಹೇಂಟೆಯನ್ನು ಒಳಗಿನ ಗೂಡಿಗೆ ಹಾಕಿ ಬಾಗಿಲು ಮುಚ್ಚಿದಳು. ಮೊದಲಿನ ಹುಂಜದ ಪ್ರಭಾವ ಹೇಂಟೆಯಲ್ಲಿ ಮೂರು ವಾರ ಇರುತ್ತದೆ ಎಂಬುದನ್ನು ಅವಳು ಯಾರಿಂದಲೂ ಕಲಿತದ್ದಲ್ಲ, ನೋಡಿ ತಿಳಿದದ್ದು. ಆ ಮೂರು ವಾರದ ತತ್ತಿಗಳೆಲ್ಲ ಅಡುಗೆಮನೆಗೆ ಹೋದವು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ, ಹೇಂಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಒಂದು ಗೂಟ, ಒಂದು ಉದ್ದ ಲಾಡಿ, ಒಂದು ಕೋಲು ಹಿಡಿದು ಪಂಪಾವತಿಯ ಹಿತ್ತಲಿಗೆ ಹೋದಳು. ದ್ಯಾಮವ್ವನ ಹುಂಜ ರಾತ್ರಿ ಕೂರುವುದು ಅಲ್ಲಿಯ ದನದ ಕೊಟ್ಟಿಗೆಯ ಮೇಲೆ. ಬೆಳಗಾದರೆ ತಿಪ್ಪೆ ಕೆದರಲು ಅಲ್ಲೇ ಇಳಿಯುತ್ತಿತ್ತು.

ವಿಷಯ ಕೇಳಿ ಪಂಪಾವತಿ ಬೆಚ್ಚಿದಳು. "ಬ್ಯಾಡ ಜುಬೇದಕ್ಕ. ದೇವರ ಹುಂಜದ ಸಂಗಡ ಆಟ ಅಲ್ಲಿದು. ನಾಳೆ ಏನರ ಆದ್ರ?"

"ಪಂಪವ್ವ, ಕೇಳಿಲ್ಲೆ. ಕಟ್ಟಬಾರದು, ನಾ ಕಟ್ಟಂಗಿಲ್ಲ. ಹೊಡೀಬಾರದು, ಹೊಡ್ಯಂಗಿಲ್ಲ. ಹಿಡೀಬಾರದು, ಮುಟ್ಟಂಗೂ ಇಲ್ಲ. ಕಟ್ಟೋದು ನನ್ನ ಹ್ಯಾಂಟಿ. ಹುಂಜ ತಾನಾಗಿ ಬಂದ್ರ ಬಂತು."

"ಆದ್ರೂ ಹರಕಿ ಹುಂಜ ಅದು..."

"ಬಿಡೋವಾಗ ಅದಕ್ಕೇನು ಸನ್ಯಾಸ ಕೊಟ್ಟೀಯೇನವಾ?"

ಬಾಗಿಲಲ್ಲಿ ಹಲ್ಲುಜ್ಜುತ್ತಿದ್ದ ಕಳಕಪ್ಪ ನಗು ತಡೆಯಲಾರದೆ ಬೇವಿನ ಕಡ್ಡಿಯನ್ನೇ ಉಗಿದ. "ಕೊಟ್ಟಿಲ್ಲ ಬಿಡ್ರಿ ಅಕ್ಕಾರ. ಓಣಿ ಹ್ಯಾಂಟಿಗೆಲ್ಲಾ ಅದ ಗಂಡ ಆಗೇತಿ. ನಿಮ್ಮದೊಂದು ಯಾಕ ಬಿಡಬೇಕು?"

ಪಂಪಾವತಿ ಗಂಡನ ಕಡೆ ಕಣ್ಣು ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಹೊತ್ತು ಹುಟ್ಟಿದ ಮ್ಯಾಲೆ ಬಾ, ನಾ ಮದ್ಲು ದ್ಯಾಮವ್ವಗ ಕಾಯಿ ಒಡಿಸಿ ಹೇಳಿ ಬರ್ತೀನಿ," ಎಂದಳು. ಕಾಯಿಯನ್ನು ಜುಬೇದಾಬೀ ಕೊಟ್ಟಳು.

ಕಷ್ಟ ಇದ್ದದ್ದು ಕಾಯುವುದರಲ್ಲಿ. ಹೇಂಟೆಯ ಕಾಲಿಗೆ ಲಾಡಿ ಕಟ್ಟಿ ಗೂಟಕ್ಕೆ ಬಿಗಿದಾಗಿತ್ತು. ಬರಬೇಕಾದ ಹುಂಜ ಬಾರದೆ ಓಣಿಯ ಉಳಿದ ಹುಂಜಗಳು ಬಂದವು. ಜುಬೇದಾಬೀ ಕಲ್ಲಿನ ಮೇಲೆ ಕೂತು ಕೋಲಿನಿಂದ ಅವನ್ನು ಓಡಿಸಿದಳು. ಐವತ್ತೆಂಟು ವರ್ಷದ ಹೆಂಗಸು ಕೋಳಿಯ ಮಾನ ಕಾಯುತ್ತ ಕೂತಿದ್ದಾಳೆ ಎಂಬ ಸುದ್ದಿ ನೀರಿನ ಟಾಕಿಯ ಹತ್ತಿರ ಎಲ್ಲರ ಬಾಯಲ್ಲೂ ಆಯಿತು. "ಲಗ್ನ ಯಾವಾಗ್ರಿ ಬೀಬೀ, ನಮ್ಮನ್ನೂ ಕರೀರಿ," ಎಂದು ಹೋಗುವವರು ಬರುವವರು ಕೇಳಿದರು. "ಹೆಣ್ಣಿನ ಕಡೆಯವರು ರೆಡಿ ಅದೀವಿ, ಗಂಡ ಇನ್ನೂ ಒಪ್ಪಿಲ್ಲ," ಎಂದು ಅವಳು ಉತ್ತರ ಕೊಟ್ಟಳು.

ಮೊದಲ ದಿನ ಹುಂಜ ಈ ಕಡೆ ತಿರುಗಲಿಲ್ಲ. ಎರಡನೆಯ ದಿನ ದೂರದಿಂದ ನೋಡಿತು. ಮೂರನೆಯ ದಿನ, ಗೂಟದ ಸುತ್ತ ಚೆಲ್ಲಿದ ಸಜ್ಜೆಯ ನುಚ್ಚಿಗೆ ಬಂತು. ನುಚ್ಚು ತಿಂದಿತು, ಒಂದು ರೆಕ್ಕೆ ಇಳಿಸಿ ಹೇಂಟೆಯ ಸುತ್ತ ಸುತ್ತಿತು. ಜುಬೇದಾಬೀ ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿದಳು. ಇನ್ನೂ ನಾಲ್ಕು ದಿನ ಹೀಗೇ ಆಯಿತು.

ಆ ಮೂರನೆಯ ದಿನದಿಂದ ಹತ್ತು ದಿನದಲ್ಲಿ ಬೂದಿ ಹೇಂಟೆ ಆರು ತತ್ತಿ ಇಟ್ಟಿತು. ಆಮೇಲೆ ನಿಲ್ಲಿಸಿತು. ಆರನ್ನೂ ಜೋಳದ ಬುಟ್ಟಿಯಲ್ಲಿ ಇಟ್ಟು, ಕಾವಿಗೆ ಕೂತಿದ್ದ ಕೆಂದ ಹೇಂಟೆಯ ಕೆಳಗೆ ಸೇರಿಸಿದಳು. ಇಪ್ಪತ್ತೊಂದನೆಯ ದಿನ ಎಂದರೆ ಅಮವಾಸ್ಯೆಗೆ ಮೂರೇ ದಿನ ಇರುತ್ತದೆ. ಈ ಸಲ ತಪ್ಪಿದರೆ ಇನ್ನೊಂದು ಸಲ ಇಲ್ಲ. ಹುಂಜವೂ ಇರುವುದಿಲ್ಲ, ಹೇಂಟೆಗೆ ತತ್ತಿಯೂ ಇಲ್ಲ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ಮೂರು ಮರಿ ಇದ್ದವು. ಮೂರರ ನೆತ್ತಿಯ ಮೇಲೂ ಜುಟ್ಟಿನ ಗುಬುಟು ಇತ್ತು. ಮೂರೂ ಕರಿ.

ಮಕ್ಬುಲಸಾಬ ಬಗ್ಗಿ ನೋಡಿ ತಾನೇ ಚಹಾ ಮಾಡಿ ತಂದ. ಮದುವೆಯಾಗಿ ನಲವತ್ತು ವರ್ಷದಲ್ಲಿ ಅವನು ಚಹಾ ಮಾಡಿದ್ದು ಅದು ಮೂರನೆಯ ಸಲ. ಜುಬೇದಾಬೀ ಕುಡಿಯಲಿಲ್ಲ. ಉಳಿದ ಮೂರು ತತ್ತಿಗಳನ್ನು ಒಂದೊಂದಾಗಿ ಕಿವಿಗೆ ಹಿಡಿದಳು. ಒಂದು ಸುಮ್ಮನಿತ್ತು. ಎರಡರೊಳಗೆ ಕುಟುಕುವ ಸದ್ದು ಇತ್ತು. ಕೈ ಹಾಕಿ ಒಡೆಯಬಾರದು. ಒಡೆದರೆ ಮರಿಗೆ ರಕ್ತ ಬರುತ್ತದೆ. ಬುಟ್ಟಿಯ ಪಕ್ಕದಲ್ಲೇ ಕೂತು ರೊಟ್ಟಿ ಬಡಿದಳು, ಅಲ್ಲೇ ಪಲ್ಯ ಹೆಚ್ಚಿದಳು.

ಮಧ್ಯಾಹ್ನದ ನಮಾಜು ಮುಗಿಸಿ ಬಂದಾಗ ಕೆಂದ ಹೇಂಟೆಯ ರೆಕ್ಕೆಯಡಿಯಿಂದ ಹೊಸ ತಲೆಯೊಂದು ಹೊರಗೆ ಬಂದಿತ್ತು. ಇನ್ನೂ ಒದ್ದೆ. ಒದ್ದೆ ಮರಿಯ ಬಣ್ಣ ನಂಬಬಾರದು ಎಂದು ಅವಳಿಗೆ ಗೊತ್ತು. ಆರಲು ಬಿಟ್ಟಳು. ಸಂಜೆ ಬಿಸಿಲು ಕಟ್ಟೆ ಹತ್ತಿದಾಗ ಆ ಮರಿ, ಅದರ ಬೆನ್ನಿಗೆ ಹುಟ್ಟಿದ ಇನ್ನೊಂದು, ಎರಡೂ ಆರಿ ನಿಂತಿದ್ದವು. ತಿಳಿ ಬೂದಿ. ತಾಯಿ ಹುಟ್ಟಿದಾಗ ಇದ್ದಂಥದೇ ಬೂದಿ.

"ಪಂಪವ್ವಾ!" ಜುಬೇದಾಬೀ ಗೋಡೆಯಾಚೆಗೆ ಕೂಗಿದ್ದು ಟಾಕಿಯವರೆಗೆ ಕೇಳಿಸಿತು. "ಲಗ್ನ ಆಗೇತಿ ಬಾ!"

ಅಮವಾಸ್ಯೆ ಕಳೆದ ಮಂಗಳವಾರ ಹುಂಜ ದ್ಯಾಮವ್ವನಿಗೆ ಸಂದಿತು. ಹಿಂದಿನ ದಿನ ಜುಬೇದಾಬೀ ಒಂದು ಹಿಡಿ ಸಜ್ಜೆ ನುಚ್ಚು ಕೊಟ್ಟಿಗೆಯ ಹತ್ತಿರ ಚೆಲ್ಲಿ ಬಂದಿದ್ದಳು. ಆ ಹುಂಜದ ಕಾಲಿನ ಕೆಂಪು ದಾರವನ್ನು ಪಂಪಾವತಿ ಮರೆಯದೆ ತಂದುಕೊಟ್ಟಳು. ಅದರಿಂದ ಡಬ್ಬಿಯಲ್ಲಿ ಹದಿನಾಲ್ಕು ಪೂರ್ತಿಯಾಯಿತು. ಹೊಸ ಮರಿಗಳಿಗೆ ಹಳದಿ ದಾರ ಬಂತು.

ಎರಡು ಬೂದಿ ಮರಿಗಳಲ್ಲಿ ಒಂದು ಹುಂಜವಾಯಿತು, ಒಂದು ಹೇಂಟೆ. ಕರಿ ಮೂರರಲ್ಲಿ ಒಂದನ್ನು ಹದ್ದು ಒಯ್ದಿತು. ಉಳಿದ ಎರಡೂ ಹೇಂಟೆಗಳಾದವು. ಅವನ್ನು ಈ ಸಲ ಯಾರಿಗೂ ಕೊಡಲಿಲ್ಲ. ಆದರೆ ಅವುಗಳ ತತ್ತಿ ಅಡುಗೆಮನೆಗೆ. ಕಾವಿಗೆ ಕೂರಿಸುವಾಗ ಮಾತ್ರ ಅವು ಬೇಕು. ಮಳೆಗಾಲ ಕಳೆದು ಮತ್ತೆ ದೀಪಾವಳಿ ಬಂದಾಗ ಜುಬೇದಾಬೀ ಬೂದಿ ಹುಂಜ, ಬೂದಿ ಹೇಂಟೆಗಳ ಹನ್ನೊಂದು ತತ್ತಿ ಆರಿಸಿ ಕರಿ ಹೇಂಟೆಯ ಕೆಳಗೆ ಇಟ್ಟಳು. ಒಂಬತ್ತು ಮರಿಯಾದವು. ಒಂಬತ್ತೂ ಬೂದಿ.

ಆ ವರ್ಷದ ಲಸಿಕೆಗೆ ಪ್ರಭುರಾಜ ಬಂದಾಗ ಅವಳು ಅಂಗಳದಲ್ಲಿ ಕುರ್ಚಿ ಹಾಕಿಸಿದಳು. ಆಮೇಲೆ ಬುಟ್ಟಿ ಎತ್ತಿದಳು. ಬೂದಿ ಹುಂಜ, ತಾಯಿ ಮಗಳು ಎರಡು ಬೂದಿ ಹೇಂಟೆ, ಒಂಬತ್ತು ಮರಿ. ಡಾಕ್ಟರು ಎದ್ದು ನಿಂತರು.

"ಹತ್ತಿ ತಂದೀರೇನ್ರಿ ಡಾಕ್ಟರ?"

ಪ್ರಭುರಾಜ ನಕ್ಕು ಎರಡೂ ಕೈ ಎತ್ತಿ ಮುಗಿದರು. ಆದರೂ ಅವಳು ಬಿಡಲಿಲ್ಲ. ಹುಂಜದ ಕತ್ತನ್ನು ತಿರುಗಿಸಿ, ಬಿಸಿಲಿಗೆ ಗರಿ ಹಿತ್ತಾಳೆಯಂತೆ ಹಳದಿಗೆ ತಿರುಗಿಲ್ಲ ಎಂದು ತೋರಿಸಿದಳು. ಒಂಬತ್ತರಲ್ಲಿ ಎರಡರ ಜುಟ್ಟು ನಡುವೆ ಬೈತಲೆ ತೆಗೆದಂತೆ ಸೀಳಿದೆ, ಅವನ್ನು ತಳಿಗೆ ಇಡುವುದಿಲ್ಲ ಎಂದು ತಾನಾಗಿಯೇ ಹೇಳಿದಳು. ಅವಳು ಹೇಳದಿದ್ದರೆ ಡಾಕ್ಟರಿಗದು ಕಾಣುತ್ತಲೂ ಇರಲಿಲ್ಲ. ಅವರು ನೋಟ್‌ಬುಕ್ ತೆಗೆದು ಬರೆದುಕೊಂಡರು. "ಈ ತಳಿಗೆ ಏನ್ ಹೆಸರ ಬರೀಲ್ರಿ ಅಮ್ಮಾ?" ಎಂದು ಕೇಳಿದರು. ತಳಿ ಎಂಬ ಮಾತು ಅವರ ಬಾಯಿಂದಲೇ ಬಂತು. ಒಳಗೆ ಹೊಲಿಗೆ ಯಂತ್ರ ನಿಂತದ್ದು ಜುಬೇದಾಬೀಗೆ ಕೇಳಿಸಿತು.

"ತಳಕಲ್ ಬೂದಿ ಅಂತ ಬರೀರಿ."

ಅಷ್ಟರಲ್ಲಿ ಗೋಡೆಯಾಚೆಯಿಂದ ಪಂಪಾವತಿಯ ತಲೆ ಕಾಣಿಸಿತು. ಎಮ್ಮೆ ಸುಖವಾಗಿ ಈದರೆ ದ್ಯಾಮವ್ವನಿಗೆ ಹುಂಜ ಬಿಡುತ್ತೇನೆಂದು ಮತ್ತೆ ಬೇಡಿಕೊಂಡಿದ್ದಳಂತೆ. "ಜುಬೇದಕ್ಕ, ಒಂದು ಕರಿ ಮರಿ ಇಟ್ಟಿರು ನನಗ."

ಜುಬೇದಾಬೀ ಮರಿಗಳ ಮೇಲೆ ಬುಟ್ಟಿ ಮುಚ್ಚಿ ಎದ್ದು ನಿಂತಳು. ಅವಳ ದನಿ ಡಾಕ್ಟರಿಗೂ ಗಂಡನಿಗೂ ಓಣಿಗೂ ಕೇಳಿಸುವಷ್ಟಿತ್ತು.

"ಬ್ಯಾರೆ ಮನ್ಯಾಗ ಕೇಳವಾ ಪಂಪವ್ವ. ನಮ್ಮ ಮನ್ಯಾಗ ಇನ್ನ ಕರಿ ಹುಟ್ಟಂಗಿಲ್ಲ."