ನೋಂದಣಿ ನಂಬರಿಲ್ಲದ ಕಾಗದ

ಸಾಮೂಹಿಕ ಮದುವೆಗೆ ಹೆಸರು ಬರೆಸಲು ಅಂದೇ ಕಡೆಯ ದಿನ. ತಿಪಟೂರಿನ ಮಠವೊಂದರ ಜಗುಲಿಯಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಬಿಳಿಗೆರೆಯ ಈರಣ್ಣ ಮಗಳನ್ನು ಮುಂದೆ ಬಿಟ್ಟುಕೊಂಡು ಸಾಲಿನಲ್ಲಿ ನಿಂತಿದ್ದ.

ಹೊಂಬಾಳಮ್ಮನಿಗೆ ಹದಿನೈದು ತುಂಬಿತ್ತು, ಅಷ್ಟೇ. ಹದಿನೆಂಟಾಗದ ಹೆಣ್ಣಿಗೆ ಮದುವೆ ಮಾಡಕೂಡದೆಂದು ಸರ್ಕಾರ ಹೊಸದಾಗಿ ಕಾನೂನು ತಂದಿತ್ತು. ಹುಟ್ಟಿದ ಸರ್ಟಿಫಿಕೇಟು ತೋರಿಸದವರ ಹೆಸರನ್ನು ಮಠದವರು ಬರೆದುಕೊಳ್ಳುತ್ತಿರಲಿಲ್ಲ. ಹೊನ್ನವಳ್ಳಿಯ ಗಂಡಿನವರು ಮೂರು ವರ್ಷ ಕಾಯುವವರಲ್ಲ. ಒಳ್ಳೇ ಸಂಬಂಧ ಕೈತಪ್ಪೀತೆಂದು ಈರಣ್ಣ ಪೇಟೆಯ ದಲ್ಲಾಳಿಯೊಬ್ಬನನ್ನು ಹಿಡಿದು ಅವಳಿಗೆ ಹದಿನೆಂಟಾಗಿದೆಯೆಂದು ಸುಳ್ಳು ಕಾಗದ ಮಾಡಿಸಿದ್ದ.

"ಯಾರಾನ ಕೇಳಿದ್ರೆ ಹದಿನೆಂಟು ಅನ್ನು. ಮಿಕ್ಕಿದ್ದುಕ್ಕೆ ಬಾಯಿ ಬುಡಬ್ಯಾಡ ಕಣೇ," ಎಂದು ಬಸ್ಸಿನಲ್ಲೇ ಹೇಳಿದ್ದ.

ಅವಳು ಆ ಕಾಗದವನ್ನು ಬಸ್ಸಿನಲ್ಲಿ ಓದಿದ್ದಳು. ತಮ್ಮನನ್ನು ಸ್ಕೂಲಿಗೆ ಸೇರಿಸುವಾಗ ಅವನ ಸರ್ಟಿಫಿಕೇಟು ಹಿಡಿದುಕೊಂಡು ಹೋಗಿದ್ದವಳು ಅವಳೇ. ಅದರಲ್ಲಿ ನೋಂದಣಿ ನಂಬರಿತ್ತು, ರಿಜಿಸ್ಟರಿಗೆ ಏರಿಸಿದ ತಾರೀಕಿತ್ತು, ಸಹಿಯ ಪಕ್ಕ ಕಚೇರಿಯ ಹೆಸರಿದ್ದ ಮೊಹರಿತ್ತು. ಇದರಲ್ಲಿ ನಂಬರಿನ ಜಾಗ ಖಾಲಿ. ಮೊಹರು ದುಂಡಗೇನೋ ಇತ್ತು, ಒಳಗೆ ಯಾವ ಕಚೇರಿಯ ಹೆಸರೂ ಇರಲಿಲ್ಲ.

ಮಠದ ಗುಮಾಸ್ತ ಮರುಳಸಿದ್ದಯ್ಯ ಇದನ್ನು ಹಿಡಿದೇ ಹಿಡಿಯುತ್ತಾರೆ ಎಂದು ಅವಳು ನಂಬಿದ್ದಳು. ಅವರೋ ಬೆಳಗಿನಿಂದ ಬರೆದು ಬರೆದು ಸೋತುಹೋಗಿದ್ದರು. ಹುಟ್ಟಿದ ತಾರೀಕಿನ ಮೇಲಷ್ಟೇ ಕಣ್ಣಾಡಿಸಿ ಪೆನ್ನು ಎತ್ತಿಕೊಂಡರು.

"ಹುಡುಗಿ ಹೆಸರು?"

"ಹೊಂಬಾಳಮ್ಮ ಅಂತ ಬರ್ಕಳಿ ಸ್ವಾಮಿ," ಎಂದ ಈರಣ್ಣ.

ಎದುರಿಗೇ ಅವಳ ಹೆಸರಿನ ಮೊದಲ ಅಕ್ಷರ ಪುಸ್ತಕಕ್ಕೆ ಇಳಿಯಿತು. "ನಂಬರಿಲ್ಲ," ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ. ದನಿ ಏರಿಸಿ ಮತ್ತೆ ಅಂದಳು:

"ಸ್ವಾಮಿ, ಅದ್ರಲ್ಲಿ ನೋಂದಣಿ ನಂಬರೇ ಇಲ್ಲ. ಮೊಹರು ನೋಡ್ರಿ, ಯಾವ ಕಚೇರೀದು ಅಂತಾನೂ ಇಲ್ಲ."

ಅಪ್ಪನ ಬೆರಳುಗಳು ಅವಳ ತೋಳಿಗೆ ಕಚ್ಚಿಕೊಂಡವು. "ಅದುಕ್ಕೇನು ಗೊತ್ತು, ನೀವು ಬರ್ಕಳಿ."

ಮರುಳಸಿದ್ದಯ್ಯ ಪೆನ್ನು ಕೆಳಗಿಟ್ಟರು. ಕಾಗದವನ್ನು ಬೆಳಕಿಗೆ ಹಿಡಿದು ಮೊಹರನ್ನು ಬಹಳ ಹೊತ್ತು ನೋಡಿದರು.

"ನಿಜ ಹೇಳವ್ವ, ಎಷ್ಟು ವಯಸ್ಸು ನಿಂಗೆ?"

"ಹದಿನೈದು."

ಬರೆದಿದ್ದನ್ನು ಅವರು ಹೊಡೆದು ಹಾಕಿದರು. "ಈರಣ್ಣೋರೇ, ಇದು ಪೊಲೀಸ್ನೋರ ಕಣ್ಣಿಗೆ ಬಿದ್ರೆ ಮೊದ್ಲು ಕರ್ಕೊಂಡೋಗೋದು ನಿಮ್ಮನ್ನೇ. ಮಗೀನ ಮನೆಗೆ ಕರ್ಕೊಂಡು ಹೋಗಿ."

ವಾಪಸು ಬರುವ ಬಸ್ಸಿನಲ್ಲಿ ಈರಣ್ಣ ಬೇರೆ ಸೀಟಿನಲ್ಲಿ ಕೂತ. ಹೊಡೆಯುತ್ತಾನೆಂದು ಅವಳು ದಾರಿಯುದ್ದಕ್ಕೂ ಹೆದರಿದ್ದಳು. ಹೊಡೆಯಲಿಲ್ಲ, ಮಾತು ಬಿಟ್ಟ. ಗಂಡಿನವರು ಬೇರೆ ಹೆಣ್ಣು ನೋಡಿಕೊಂಡರು. ಬೇಸಿಗೆ ರಜ ಮುಗಿದು ಅವಳು ಸ್ಕೂಲಿಗೆ ಹೊರಟ ದಿನ ಅಪ್ಪ ಜಗುಲಿಯಲ್ಲೇ ಕೂತಿದ್ದ. ತಡೆಯಲಿಲ್ಲ. ತಲೆಯೆತ್ತಿ ನೋಡಲೂ ಇಲ್ಲ.